ಮೇಲಿನ ಸಾಲು ಯಾರದು

ಮೂಡಿಗೆರೆಯಲ್ಲಿ ಲಗ್ನಪತ್ರಿಕೆ ಮಾಡಿಸಲು ಬಂದವರು ಛತ್ರದ ಹೆಸರು ತಪ್ಪಾದರೂ ಸಹಿಸಿಕೊಳ್ಳುತ್ತಾರೆ, ಮನುಷ್ಯರ ಹೆಸರಿನ ಸಾಲು ತಪ್ಪಾದರೆ ಸಹಿಸುವುದಿಲ್ಲ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಎಷ್ಟೋ ವರ್ಷ ಡಿಟಿಪಿ ಅಂಗಡಿ ನಡೆಸಿದವಳು ನಾನು. ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಯಾರು ಮೊದಲು, ಯಾರು ಆಮೇಲೆ ಅಂತ ಅಣ್ಣತಮ್ಮಂದಿರು ನನ್ನ ಕೌಂಟರಿನ ಮುಂದೆಯೇ ಮಾತು ಬಿಟ್ಟಿದ್ದಾರೆ. ಬಾಯಲ್ಲಿ ಎಲ್ಲರೂ ಹೇಳುವುದು ಹಿರಿಯರು ಮೊದಲು ಅಂತ. ನಿಜದಲ್ಲಿ ತೋಟ ದೊಡ್ಡದಿದ್ದವರು ಮೊದಲು. ಎಪ್ಪತ್ತು ದಾಟಿದ ಚಿಕ್ಕಪ್ಪನಿಗೆ ಎರಡೇ ಎಕರೆ ಇದ್ದರೆ ಪಾಪ, ‘ಬಂಧುಮಿತ್ರರು’ ಅನ್ನುವುದರೊಳಗೇ ಅವರು ಮುಗಿದುಹೋಗುತ್ತಾರೆ. ನಾನು ಇದನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡು ಟೈಪ್ ಮಾಡುತ್ತಿದ್ದೆ. ಬೈದುಕೊಂಡರೂ ಕಲಿತುಬಿಟ್ಟಿದ್ದೆ, ಅದೇ ನನ್ನ ಕರ್ಮ.

ಎರಡು ಸಾವಿರದ ದಶಕದ ಮಧ್ಯದ ಹೊತ್ತಿಗೆ ಅಂಗಡಿಗೆ ಅಡ್ಡ ಹಲಗೆ ಹೊಡೆಸಿ, ಆಚೆ ಬದಿಗೆ ಮೂರು ಕಂಪ್ಯೂಟರ್ ಇಟ್ಟು ಬ್ರೌಸಿಂಗ್ ಸೆಂಟರ್ ಮಾಡಿದೆ. ಆಗ ಕನ್ನಡದಲ್ಲಿ ಬ್ಲಾಗ್ ಬರೆಯುವ ಹುಚ್ಚು ನಮ್ಮ ಗುಡ್ಡಗಳನ್ನೂ ಹತ್ತಿತ್ತು. ಕಳಸದಲ್ಲೊಬ್ಬ ಮೇಷ್ಟ್ರು ಹಕ್ಕಿಗಳ ಬಗ್ಗೆ ಬರೆಯುತ್ತಿದ್ದರು. ಕೊಟ್ಟಿಗೆಹಾರದ ಜೀಪ್ ಡ್ರೈವರೊಬ್ಬ ಚಾರ್ಮಾಡಿ ಘಾಟಿಯಲ್ಲಿ ಕೆಟ್ಟು ನಿಂತ ಲಾರಿಗಳ ಕತೆ ಬರೆಯುತ್ತಿದ್ದ. ಮಲ್ಲಂದೂರಿನ ಕಡೆ ಕೂಲಿಯವರ ಹಾಜರಿ ಬರೆಯುವ ಎಸ್ಟೇಟ್ ರೈಟರೊಬ್ಬರು ಪದ್ಯ ಕಟ್ಟುತ್ತಿದ್ದರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಒಂದೊಂದು ಬ್ಲಾಗಿನ ವಿಳಾಸವೂ ಒಂದು ಗೇಣುದ್ದ, ಯಾರು ನೆನಪಿಟ್ಟುಕೊಳ್ಳುತ್ತಾರೆ?

ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವಳು ಬಾಳೂರು ಕಡೆಯ ಒಬ್ಬ ಅಂಗನವಾಡಿ ಟೀಚರು. ಅವಳ ಅಪ್ಪ ಅಮ್ಮ ಅಲ್ಲಿಯ ದೊಡ್ಡ ತೋಟವೊಂದರ ಕೂಲಿಗಳು. ಅವಳು ಹುಟ್ಟಿದ್ದು, ಬೆಳೆದದ್ದು, ಆಗಲೂ ಇದ್ದದ್ದು ಅದೇ ತೋಟದ ಲೈನ್ ಮನೆಯಲ್ಲಿ, ಕೂಲಿಗಳಿಗೆಂದು ತೋಟದವರೇ ಕಟ್ಟಿಸಿದ ಸಾಲುಮನೆಯಲ್ಲಿ. ವಾರವೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಬಂದು, ನನ್ನ ಅಂಗಡಿಯಲ್ಲಿ ಕೂತು ಟೈಪ್ ಮಾಡಿ ಹೋಗುತ್ತಿದ್ದಳು. ಹಣ್ಣು ಕುಯ್ಯುವ ಹೆಂಗಸರು ಬುಟ್ಟಿ ಕಟ್ಟಿದ ಸೊಂಟದಲ್ಲೇ ಎಂಟು ತಿಂಗಳ ಬಸುರು ಹೊತ್ತುಕೊಂಡು ಇಳಿಜಾರು ಹತ್ತುವುದನ್ನು ಅವಳು ಬರೆದದ್ದು ಓದಿ ನಾನು ಅವತ್ತು ಊಟ ಮಾಡಲಿಲ್ಲ.

ಇವರೆಲ್ಲರ ಹೊಸ ಬರಹಗಳೂ ಒಂದೇ ಕಡೆ ಸಿಗುವ ಹಾಗೆ ನಾನೊಂದು ಪುಟ ಮಾಡಿದೆ. ಅಂಥದ್ದಕ್ಕೆ ಅಗ್ರಿಗೇಟರ್ ಅನ್ನುತ್ತಾರೆ ಅಂತಲೂ ಆಗ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೆ ಒಂದೊಂದೇ ಬ್ಲಾಗು ತೆರೆದು, ಹೊಸ ಶೀರ್ಷಿಕೆ ಇದ್ದರೆ ಕೈಯಾರೆ ತಂದು ಅಂಟಿಸುವುದು. ಸರಿ, ಹೆಸರುಗಳನ್ನು ಯಾವ ಸಾಲಿನಲ್ಲಿ ಇಡಲಿ? ಯೋಚನೆಯನ್ನೇ ಮಾಡಲಿಲ್ಲ ನಾನು. ಲಗ್ನಪತ್ರಿಕೆ ಮಾಡಿದ ಕೈ ತಾನಾಗಿಯೇ ಇಟ್ಟಿತು. ಎಲ್ಲಕ್ಕಿಂತ ಮೇಲೆ ಒಬ್ಬ ದೊಡ್ಡ ಪ್ಲಾಂಟರು, ಆ ಹುಡುಗಿಯ ಅಪ್ಪ ಅಮ್ಮ ದುಡಿಯುವ ತೋಟದ ಯಜಮಾನರು. ಅವರು ಕಾಫಿ ಹೂವಿನ ಫೋಟೋ ಹಾಕಿ, ಕೆಳಗೆ ‘ಸ್ವರ್ಗ’ ಅಂತ ಒಂದು ಪದ ಬರೆದು ಎಂಟು ತಿಂಗಳಾಗಿತ್ತು. ಅವರಾದ ಮೇಲೆ ಸಣ್ಣ ತೋಟದವರು, ಮೇಷ್ಟ್ರು, ರೈಟರು, ಡ್ರೈವರು. ಕಟ್ಟಕಡೆಗೆ ಅವಳು. ವಾರವಾರ ಬರೆಯುವವಳ ಬರಹ ಓದಬೇಕಾದರೆ ಜನ ಆ ಸ್ವರ್ಗ ದಾಟಿ ಪುಟದ ತಳಕ್ಕೆ ಇಳಿಯಬೇಕು!

ಅವಳು ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಕೇಳಿದವರು ನೈರೋಬಿಯವರು.

ಆಫ್ರಿಕಾದ ಬ್ಲಾಗಿಗರೆಲ್ಲರ ಬರಹಗಳನ್ನು ಒಟ್ಟು ಮಾಡಿ ತೋರಿಸುವ ಪುಟವೊಂದು ಯಾವುದೋ ಕಾಫಿ ವಿಷಯ ಹುಡುಕುವಾಗ ನನ್ನ ಕಣ್ಣಿಗೆ ಬಿತ್ತು. ಅದಕ್ಕಾಗಿ ಯಾರೂ ಕೂತು ಅಂಟಿಸುತ್ತಿರಲಿಲ್ಲ. ಗಂಟೆಗೊಮ್ಮೆ ತಾನೇ ಹೋಗಿ ಎಲ್ಲರ ಬಾಗಿಲು ತಟ್ಟಿ, ಹೊಸತು ಬರೆದವರನ್ನು ತಂದು ಮೇಲೆ ಕೂರಿಸುತ್ತಿತ್ತು. ಅದನ್ನು ನಡೆಸುವವರಿಗೆ ನನ್ನ ಪುಟದ ವಿಳಾಸ ಕೊಟ್ಟು, ನನ್ನ ಹರಕು ಇಂಗ್ಲಿಷಿನಲ್ಲಿ ಪತ್ರ ಬರೆದೆ. ನೈರೋಬಿಯಿಂದ ಮೂರೇ ದಿನಕ್ಕೆ ಉತ್ತರ ಬಂತು, ಜೊತೆಗೆ ಅವರೇ ಬರೆದ ಪ್ರೋಗ್ರಾಮು. ಕೊನೆಯಲ್ಲೊಂದು ಪ್ರಶ್ನೆ: ನಿಮ್ಮ ಭಾಷೆ ನನಗೆ ಬರುವುದಿಲ್ಲ, ತಾರೀಕು ಮಾತ್ರ ಓದಿದೆ, ಎಂಟು ತಿಂಗಳಿಂದ ಏನೂ ಬರೆಯದವರು ಮೇಲಿದ್ದಾರೆ, ನಿನ್ನೆ ಬರೆದವರು ಕೆಳಗಿದ್ದಾರೆ, ಇದು ಯಾವ ಲೆಕ್ಕ?

ಏನಂತ ಉತ್ತರ ಬರೆಯಲಿ? ಎಕರೆ ಲೆಕ್ಕ ಅಂತಲೇ? ನಾಚಿಕೆಯಿಂದ ನನಗೆ ಕಿವಿಯೆಲ್ಲ ಬಿಸಿಯಾಯಿತು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ನನ್ನದು, ಕೈ ಮಾತ್ರ ಊರಿನದ್ದೇ ಆಗಿತ್ತಲ್ಲ!

ಆ ಮಳೆಗಾಲವೆಲ್ಲ ಪುಟ ಸರಿ ಮಾಡುವುದೇ ಕೆಲಸವಾಯಿತು. ಕರೆಂಟ್ ಇದ್ದರೆ ಫೋನ್ ಲೈನ್ ಇಲ್ಲ, ಲೈನ್ ಬಂದರೆ ಕರೆಂಟ್ ಇಲ್ಲ. ಹಳೆಯ ಫಾಂಟಿನಲ್ಲಿ ಬರೆದವರ ಅಕ್ಷರಗಳು ಕಲಸಿಹೋಗಿ ಕಾಣುತ್ತಿದ್ದವು, ಒಬ್ಬೊಬ್ಬರಿಗೂ ಫೋನ್ ಮಾಡಿ ಯೂನಿಕೋಡಿಗೆ ಬದಲಾಯಿಸಿಕೊಳ್ಳುವ ಹಾಗೆ ಮಾಡಿದೆ. ಜೀಪ್ ಡ್ರೈವರನ ಒಂದೇ ಬರಹ ಹತ್ತು ಸಲ ಬಂದು, ಅವನ ಒಂದೇ ಲಾರಿ ಹತ್ತು ಸಲ ಕೆಟ್ಟು ನಿಂತಿತು. ಮೇಷ್ಟ್ರ ಕಂಪ್ಯೂಟರಿನ ತಾರೀಕು ಒಂದು ವರ್ಷ ಮುಂದಿದ್ದರಿಂದ ಅವರ ಮರಕುಟಿಗ ಹನ್ನೆರಡು ದಿನ ಮೇಲಿಂದ ಕದಲಲಿಲ್ಲ. ಅಂತೂ ಮಳೆ ಬಿಡುವ ಹೊತ್ತಿಗೆ ಪುಟ ನೆಟ್ಟಗಾಯಿತು. ಹೊಸತು ಮೇಲೆ, ಹಳತು ಕೆಳಗೆ. ಯಾರ ತೋಟ ಎಷ್ಟು ಅಂತ ಆ ಪ್ರೋಗ್ರಾಮಿಗೆ ಗೊತ್ತೇ ಇರಲಿಲ್ಲ.

ಕುಯ್ಲು ಶುರುವಾದಾಗ ಅವಳು ಪಲ್ಪರ್ ನೀರಿನ ಬಗ್ಗೆ ಬರೆದಳು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರನ್ನು ಹಳ್ಳಕ್ಕೆ ಬಿಡುತ್ತಾರೆ, ಅದೇ ಹಳ್ಳದ ಕೆಳಗೆ ಲೈನಿನವರು ಕೊಡ ತುಂಬುತ್ತಾರೆ, ಮಕ್ಕಳ ಮೈಮೇಲೆಲ್ಲ ಗುಳ್ಳೆ. ಅಂಗನವಾಡಿಯಲ್ಲಿ ಅನ್ನ ಬೇಯಿಸಿದರೆ ಅನ್ನವೂ ಅದೇ ವಾಸನೆ. ತೋಟದ ಹೆಸರು ಬರೆದಿರಲಿಲ್ಲ. ಬರೆಯುವ ಅಗತ್ಯವೇನು, ಸುತ್ತಲಿನವರಿಗೆಲ್ಲ ಆ ಹಳ್ಳ ಗೊತ್ತು. ಹಳೆಯ ಪುಟದಲ್ಲಾಗಿದ್ದರೆ ಅದು ತಳದಲ್ಲಿ ಬಿದ್ದಿರುತ್ತಿತ್ತು. ಈಗ ಮೊದಲ ಸಾಲಿನಲ್ಲಿತ್ತು. ಚಿಕ್ಕಮಗಳೂರಿನಿಂದ ಹಿಡಿದು ದುಬೈವರೆಗಿನ ನಮ್ಮೂರಿನವರೆಲ್ಲ ಓದಿದರು.

ಆ ಬುಧವಾರ ಯಜಮಾನರೇ ಜೀಪಿನಲ್ಲಿ ಬಂದಿಳಿದರು. ಕುರ್ಚಿ ಒರೆಸಿ ಕೊಟ್ಟೆ. ಹೌದು, ಒರೆಸಿಯೇ ಕೊಟ್ಟೆ.

“ಏನಮ್ಮ, ಮೊದಲು ಪೇಜು ಲಕ್ಷಣವಾಗಿ ಇತ್ತಲ್ಲ. ಯಾರ್ಯಾರನ್ನೋ ತಲೆ ಮೇಲೆ ಕೂರಿಸಿದೀಯ?” ಅಂದರು.

“ಅದು ತಾರೀಕಿನ ಪ್ರಕಾರ ತಾನೇ ಬರ್ತದೆ ಸಾರ್. ನೀವೂ ಹೊಸತು ಬರೆದ್ರೆ ನೀವೇ ಮೇಲೆ ಬರ್ತೀರಿ.”

“ನಾನು ಎಂತಕ್ಕೆ ಬರೀಬೇಕು ಮಾರಾಯ್ತಿ? ನಾನು ಬರೆದು ಮರ್ಯಾದೆ ತಗೊಳ್ಳೋ ಹಂಗಾಯ್ತಾ?” ನಕ್ಕರು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, “ಆ ಹುಡುಗಿ ಅಪ್ಪ ಅಮ್ಮ ನಮ್ ಲೈನಲ್ಲೇ ಇರೋದು. ಗೊತ್ತಲ್ಲ ನಿಂಗೆ?” ಅಂದರು.

ಬೈಯಲಿಲ್ಲ, ಗದರಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿ ಹೋದರು. ನನ್ನ ಮೈಯೆಲ್ಲ ಉರಿಯಿತು. ಯಾವ ಸೀಮೆ ಮರ್ಯಾದೆ ಇದು! ಹಳ್ಳಕ್ಕೆ ಹೊಲಸು ಬಿಟ್ಟಾಗ ಹೋಗದ ಮಾನ, ಹೆಸರು ಕೆಳಗಿನ ಸಾಲಿಗೆ ಬಂದಾಗ ಹೋಗುತ್ತದೆಯೇ? ಜೀಪು ತಿರುವು ದಾಟಿದ ಮೇಲೆ, ಅದೂ ದಾಟಿದ ಮೇಲೆ, ಬಾಯಿಗೆ ಬಂದದ್ದೆಲ್ಲ ಬೈದೆ. ಪಕ್ಕದ ಬೇಕರಿಯವರು ಬಂದು ಇಣುಕಿ ಹೋದರು.

ಬೈದು ಮುಗಿಸಿ ನಾನು ಮಾಡಿದ್ದೇನು? ಅದನ್ನು ಬರೆಯಲಿಕ್ಕೇ ಇಷ್ಟು ವರ್ಷ ಹಿಡಿಯಿತು. ಕಂಪ್ಯೂಟರ್ ಮುಂದೆ ಕೂತು ಪುಟಕ್ಕೆ ಇನ್ನೊಂದು ‘ಸುಧಾರಣೆ’ ಮಾಡಿದೆ. ಯಜಮಾನರ ಕಾಫಿ ಹೂವನ್ನು ತಂದು ಎಲ್ಲಕ್ಕಿಂತ ಮೇಲೆ, ಕದಲದ ಹಾಗೆ ಕೂರಿಸಿದೆ. ಆ ಹುಡುಗಿಯ ಬರಹಗಳು ನಾನು ನೋಡಿ ಒಪ್ಪಿದ ಮೇಲೆ ಮಾತ್ರ ಕಾಣುವ ಹಾಗೆ ಮಾಡಿ, ಪಲ್ಪರ್ ನೀರಿನದ್ದನ್ನು ಒಪ್ಪದೆ ಬಿಟ್ಟೆ. ಅವಳನ್ನು ಒಂದು ಮಾತೂ ಕೇಳಲಿಲ್ಲ. ಅವಳ ಅಪ್ಪ ಅಮ್ಮನ ಸೂರು ಉಳಿಸಿದೆ ಅಂದುಕೊಂಡೆ. ಲಗ್ನಪತ್ರಿಕೆಯ ಹೆಸರುಗಳನ್ನೂ ಹೀಗೇ ಅಲ್ಲವೇ, ಆ ಹೆಸರಿನವರನ್ನು ಕೇಳದೆ ಮೇಲೆ ಕೆಳಗೆ ಮಾಡುತ್ತಿದ್ದದ್ದು ನಾನು?

ಶನಿವಾರ ಅವಳು ಬಂದಳು. ನೋಟ್‌ಬುಕ್ ತೆರೆಯಲಿಲ್ಲ. ನನ್ನ ಪುಟ ತೆರೆದು ಮೇಲಿಂದ ಕೆಳಗಿನವರೆಗೆ ಎರಡು ಸಲ ಇಳಿದಳು.

“ಅಕ್ಕಾ, ನಂದು ತೆಗೆದ್ರಾ?”

“ಸ್ವಲ್ಪ ದಿನ ಮಾತ್ರ ಕಣೇ. ನಿನ್ನ ಒಳ್ಳೇದಕ್ಕೇ. ನಿಮ್ಮ ಸಾಹುಕಾರ್ರು ಇಲ್ಲಿಗೇ ಬಂದಿದ್ರು. ಲೈನ್ ಮನೆ ಖಾಲಿ ಮಾಡಿಸಿದ್ರೆ ಎಲ್ಲಿಗೆ ಹೋಗ್ತೀರಿ ನೀವು?”

ಅವಳು ನನ್ನ ಮುಖವನ್ನೇ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಅಷ್ಟು ಸಿಟ್ಟು ಅವಳಲ್ಲಿ ನಾನು ನೋಡಿರಲಿಲ್ಲ.

“ಖಾಲಿ ಮಾಡಿ ಆಯ್ತು ಅಕ್ಕಾ. ಗುರುವಾರ ತೋಟದ ಮೇಸ್ತ್ರಿ ಬಂದಿದ್ರು. ಮಗಳಿಗೆ ಹೇಳಿ ಆ ನೀರಿನ ವಿಷ್ಯ ಬರೆದಿದ್ದನ್ನ ತೆಗೆಸು, ಇಲ್ಲಾಂದ್ರೆ ಮನೆ ಬಿಡು ಅಂದ್ರು. ಅಪ್ಪಂಗೆ ಓದೋಕೆ ಬರಲ್ಲ. ನಾನೇ ಓದಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, ಇದ್ರಲ್ಲಿ ಸುಳ್ಳು ಎಂತದಿದೆ, ತೆಗಿಯೋದು ಬೇಡ, ಮನೆ ಬಿಡೋಣ ಅಂದ. ನಿನ್ನೆ ಪಾತ್ರೆ ಪಗಡೆ ಎಲ್ಲ ಕೊಟ್ಟಿಗೆಹಾರಕ್ಕೆ ಸಾಗಿಸಿದ್ವಿ. ಅತ್ತೆ ಮನೆ ಹಿಂದಿನ ಶೆಡ್ಡಲ್ಲಿ ಇದೀವಿ.”

ಮೇಸ್ತ್ರಿ ಅವರ ಬಾಗಿಲಿಗೆ ಹೋಗುವ ಒಂದು ದಿನ ಮೊದಲೇ, ಯಾರೂ ಕೈ ಹಿಡಿದು ತಿರುಚದೆ, ನಾನು ಅದನ್ನು ಮರೆಮಾಡಿ ಆಗಿತ್ತು. ಆ ಬರಹ ಜನರ ಕಣ್ಣಿಗೆ ಬೀಳುತ್ತಿದೆ ಅಂದುಕೊಂಡೇ ಅವಳ ಅಪ್ಪ ಮನೆ ಬಿಟ್ಟಿದ್ದ.

“ಈಗ್ಲೇ ವಾಪಸ್ ಹಾಕ್ತೀನಿ,” ಅಂದೆ. ಕೀಬೋರ್ಡ್ ಹತ್ತಿರ ಎಳೆದುಕೊಂಡೆ.

“ಬೇಡ ಅಕ್ಕಾ. ನನ್ನ ಬ್ಲಾಗಿನ ವಿಳಾಸಾನೇ ಪೂರ್ತಿ ತೆಗೀರಿ. ನಾನು ಬರೀತೀನಿ, ಓದೋರು ಅಲ್ಲಿಗೇ ಬಂದು ಓದ್ಲಿ. ನಿಮ್ ಪೇಜಲ್ಲಿ ಬೇಡ.”

“ತಪ್ಪಾಯ್ತು ಕಣೇ.”

“ತೆಗೀರಿ. ಬಸ್ಸಿಗೆ ಹೊತ್ತಾಯ್ತು.”

ತೆಗೆದೆ. ಅವಳು ನನ್ನ ಬೆನ್ನ ಹಿಂದೆ ನಿಂತು, ಹೋಯಿತೋ ಇಲ್ಲವೋ ಅಂತ ಪುಟವನ್ನು ಇನ್ನೊಂದು ಸಲ ತೆರೆಸಿ ನೋಡಿ, ಆಮೇಲೆ ಹೋದಳು.