ಹತ್ತರಿಂದ ಆರು

2006ರಲ್ಲಿ ನಾನು ರಾಮನಗರದ ಹೊರವಲಯದ ಬಣ್ಣದ ಕಾರ್ಖಾನೆಯೊಂದರಲ್ಲಿ ಸಿಸ್ಟಮ್ಸ್ ಆಫೀಸರ್ ಆಗಿದ್ದೆ. ಟ್ಯಾಂಕಿನೊಳಗೆ ಇಳಿದು ತೊಳೆಯುವವರಿಗೆ ಕೊಡುವ ಪರ್ಮಿಟ್‌ಗಳನ್ನು ತೋರಿಸುವ ವೆಬ್ ಪುಟವನ್ನು ಎಎಸ್‌ಪಿ ಡಾಟ್ ನೆಟ್ ಎಂಬ ತಂತ್ರಾಂಶದಲ್ಲಿ ಬರೆದವನು ನಾನೇ. ಪರ್ಮಿಟ್ ಮುಗಿಯುವವರೆಗೆ ಒಳಗೆ ಬ್ಲೇಡು ತಿರುಗದಂತೆ ಆ ಟ್ಯಾಂಕಿನ ಮಿಕ್ಸರ್‌ನ ಫ್ಯೂಸ್ ಕಿತ್ತಿಡಬೇಕು. ಆಪರೇಟರ್ ಪುಟದಲ್ಲಿನ ಸಮಯ ನೋಡಿ ಅದನ್ನು ಮತ್ತೆ ಹಾಕುತ್ತಿದ್ದರು. ಪುಟದಲ್ಲಿ ತಾರೀಖು ಇರಲಿಲ್ಲ, ಸಮಯ ಮಾತ್ರ.

ಎರಡನೇ ಪಾಳಿಯ ಆಪರೇಟರ್, ಹೊಂಗನೂರಿನ ನಂಜೇಗೌಡರು ಒಂದು ದಿನ ತಕರಾರು ತೆಗೆದರು. "ಹದಿನೆಂಟು ಗಂಟೆ ಅಂದ್ರೆ ಯಾವ ಹೊತ್ತು ಸಾ? ಬೆರಳು ಎಣಿಸ್ಬೇಕು." ನ್ಯಾಯವಾದ ಮಾತು. ಮಾರನೇ ಬೆಳಿಗ್ಗೆ, ಸಮಯ ತೋರಿಸುವ ಫಾರ್ಮ್ಯಾಟ್‌ನಲ್ಲಿದ್ದ ದೊಡ್ಡಕ್ಷರದ HH ತೆಗೆದು ಸಣ್ಣಕ್ಷರದ hh ಹಾಕಿದೆ. ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಹನ್ನೆರಡಕ್ಕೆ ಇಳಿಯಿತು. ಮಧ್ಯಾಹ್ನದೊಳಗೆ ಮುಗಿಯುವ ನಾಲ್ಕು ಪರ್ಮಿಟ್ ತೆರೆದು ನೋಡಿ, ಎಲ್ಲ ಸರಿಯಿದೆ ಎಂದು ಬೀಗಿದೆ.

ಮಧ್ಯಾಹ್ನ ಎರಡೂ ಹತ್ತಕ್ಕೆ ನಂಜೇಗೌಡರ ಫೋನ್ ಬಂತು. "ಈಗ ಓದಕ್ಕೆ ಸಲೀಸಾಗೈತೆ ಸಾ. ಮೂರನೇ ಟ್ಯಾಂಕಿನ ಪರ್ಮಿಟ್ ಮಾತ್ರ ರಾತ್ರಿ ಪಾಳಿಯೋರು ಕ್ಲೋಸ್ ಮಾಡ್ದೆ ಹೋಗವ್ರೆ. ಹತ್ತರಿಂದ ಆರು ಅಂತ ಐತೆ. ನೀವೇ ಒಸಿ ಕ್ಲೋಸ್ ಮಾಡಿ, ನಾನು ಫ್ಯೂಸ್ ಹಾಕ್ಬುಟ್ಟಿದೀನಿ."

ನಮ್ಮಲ್ಲಿ ರಾತ್ರಿ ಪಾಳಿ ಹತ್ತರಿಂದ ಆರರವರೆಗೆ. ಟ್ಯಾಂಕ್ ತೊಳೆಯುವುದೂ ಸಾಮಾನ್ಯವಾಗಿ ಆಗಲೇ. ಡೇಟಾಬೇಸ್ ತೆರೆದೆ. ಅಲ್ಲಿದ್ದದ್ದು 10:00, 18:00. ಅಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ಆರು, ಈಗಲೂ ನಡೆಯುತ್ತಿರುವ ಕೆಲಸ. AM, PM ತೋರಿಸುವ tt ಎಂಬ ಎರಡಕ್ಷರ ಸೇರಿಸುವುದನ್ನೇ ನಾನು ಮರೆತಿದ್ದೆ.

"ಗೌಡ್ರೇ, ಮಿಕ್ಸರ್‌ನ ಸ್ವಿಚ್ ಮುಟ್ಟಬೇಡಿ. ಒಳಗೆ ಜನ ಇದ್ದಾರೆ."

ರಿಸೀವರ್ ಮೇಜಿಗೆ ಬಡಿದ ಸದ್ದಷ್ಟೇ ಕೇಳಿತು. ಟ್ಯಾಂಕುಗಳ ಶೆಡ್ಡಿನ ಕಡೆ ಓಡಿದೆ. ದಾರಿಯಲ್ಲಿ ಯಾವುದೋ ಮೋಟಾರ್ ಶುರುವಾಯಿತು. ಯಾವುದೆಂದು ತಿಳಿಯಲಿಲ್ಲ.

ಶುರುವಾಗಿದ್ದದ್ದು ಪಕ್ಕದ ಟ್ಯಾಂಕಿನ ಮೋಟಾರ್. ನಂಜೇಗೌಡರು ಮತ್ತೆ ಕಿತ್ತ ಫ್ಯೂಸ್ ಹಿಡಿದುಕೊಂಡೇ ಮೂರನೇ ಟ್ಯಾಂಕಿನ ಬಾಯಿಗೆ ಬಗ್ಗಿದ್ದರು. ಹೊರಗೆ ಕಾವಲಿರಬೇಕಾದವನು ಊಟಕ್ಕೆ ಹೋಗಿದ್ದ. ಒಳಗೆ ಕಲ್ಯದ ಶಿವಣ್ಣ ಮಿಕ್ಸರ್ ಬ್ಲೇಡಿನ ಮೇಲೆ ಒಂದು ಕಾಲಿಟ್ಟು ಗೋಡೆ ಕೆರೆಯುತ್ತಿದ್ದ.

"ಮೇಲಕ್ ಬಾರ್ಲಾ ಶಿವಣ್ಣ," ಎಂದರು ಗೌಡರು.

"ಒಸಿ ಬಾಕಿ ಐತಣ್ಣ. ಮುಗಿಸ್ಕಂಡೇ ಬತ್ತೀನಿ."

ಅವತ್ತೇ ತಪ್ಪು ಒಪ್ಪಿ ವರದಿ ಬರೆದೆ. ಪುಟದಲ್ಲಿ ತಾರೀಖಿನ ಜೊತೆ 'ಬೆಳಿಗ್ಗೆ', 'ಸಂಜೆ' ಎಂದೇ ಬರುವಂತೆ ಮಾಡಿ, ಮರುದಿನ ನಂಜೇಗೌಡರಿಂದ ಗಟ್ಟಿಯಾಗಿ ಓದಿಸಿದೆ. ಒಂದೂ ತಪ್ಪಿಲ್ಲದೆ ಓದಿದರು. ಆಮೇಲೆ, ಪರ್ಮಿಟ್ ಮುಗಿದಿದ್ದ ಟ್ಯಾಂಕಿನ ಫ್ಯೂಸ್ ಹಾಕದೆ, ಎದ್ದು ಬಾಗಿಲ ಕಡೆ ನಡೆದರು. ಎಲ್ಲಿಗೆಂದು ಕೇಳಿದೆ.

"ಸ್ಕ್ರೀನ್ ಸರಿಯಾಗೈತೆ ಸಾ. ಆದ್ರೂ ಒಂದ್ಸಲ ಕೂಗ್ಬುಟ್ಟು ಬತ್ತೀನಿ."

ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ ನಾನು ಬರೆದ ಕೈಪಿಡಿಗಳಲ್ಲೆಲ್ಲ ಮೊದಲ ಸಾಲು ಒಂದೇ: ಪರದೆ ಏನೇ ಹೇಳಲಿ, ಫ್ಯೂಸ್ ಹಾಕುವ ಮುನ್ನ ಟ್ಯಾಂಕಿನೊಳಕ್ಕೆ ಕೂಗಿ. ಉತ್ತರ ಬರದಿದ್ದರೆ ಇಣುಕಿ ನೋಡಿ.