ಹೇಳಬಾರದ ಮೂರು ತಿಂಗಳು

ಮೆತ್ಕೂಟು ಎಂಬ ಪುಡಿಯನ್ನು ನೀವು ತಿಂದಿದ್ದೀರೋ ಇಲ್ಲವೋ ನನಗೆ ತಿಳಿಯದು. ಬೇಳೆಕಾಳು, ಅಕ್ಕಿ, ಗೋಧಿಗಳನ್ನು ಹುರಿದು, ಮೆಂತ್ಯ, ಜೀರಿಗೆ, ಇಂಗು ಸೇರಿಸಿ ಬೀಸಿದ ಈ ಅರಿಸಿನ ಬಣ್ಣದ ಪುಡಿ ಮರಾಠಿ ಮನೆಗಳ ಡಬ್ಬಿಗಳಲ್ಲಿ ಸದಾ ಇರುತ್ತದೆ; ನಮ್ಮ ಧಾರವಾಡದ ಕಡೆಯ ಮೆಂತ್ಯದ ಹಿಟ್ಟಿಗೆ ಹತ್ತಿರದ ನೆಂಟ ಅನ್ನಬಹುದು. ಜ್ವರ ಬಿಟ್ಟವರಿಗೆ, ಹಲ್ಲಿಲ್ಲದವರಿಗೆ, ಊಟಕ್ಕೆ ಹಟ ಹಿಡಿಯುವ ಮಕ್ಕಳಿಗೆ ಮೆತ್ತಗೆ ಬೆಂದ ಅನ್ನದ ಮೇಲೆ ಒಂದಿಷ್ಟು ಉದುರಿಸಿ, ತುಪ್ಪ ಹಾಕಿ ಕಲಸಿ ಕೊಡುತ್ತಾರೆ. ಈ ಯಾವ ಗುಂಪಿಗೂ ಸೇರದ ನಾನು, ಎಂಬತ್ತರ ದಶಕದಲ್ಲಿ ನಾಸಿಕದಲ್ಲಿದ್ದಷ್ಟು ಕಾಲ, ತಿಂಗಳಿಗೆ ಮೂರು ದಿನ ಅದನ್ನೇ ಉಂಡೆ. ಯಾಕೆ ಉಂಡೆ ಎಂದು ಹೇಳಹೊರಟರೆ ಮಾತು ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬನ್ನಿ.

ನನ್ನ ಗಂಡ ಬ್ಯಾಂಕಿನವರು. ಮದುವೆಯಾಗಿ ಧಾರವಾಡ ಬಿಟ್ಟ ನನಗೆ ಮೊದಲು ಸಿಕ್ಕ ಊರು ಈಗ ಛತ್ರಪತಿ ಸಂಭಾಜಿನಗರ ಎನಿಸಿಕೊಳ್ಳುವ, ಆಗ ಎಲ್ಲರೂ ಔರಂಗಾಬಾದ್ ಎನ್ನುತ್ತಿದ್ದ ಊರು. ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಯವರು ಸೇರಿ ಒಂದಷ್ಟು ಕನ್ನಡದ ಮನೆಗಳಿದ್ದವು. ಶನಿವಾರಕ್ಕೊಮ್ಮೆ ಯಾರದೋ ಮನೆಯಲ್ಲಿ ಭಜನೆ, ಅವಲಕ್ಕಿ, ಊರಿನ ಸುದ್ದಿ. ಆ ಊರಿನಲ್ಲಿ ನಾನು ಮೂರು ಸಲ ಬಸುರಿಯಾದೆ. ಮೂರು ಸಲವೂ ಮೂರನೆಯ ತಿಂಗಳು ತುಂಬುವ ಮೊದಲೇ ಕಳೆದುಕೊಂಡೆ. ಇದನ್ನು ಹೀಗೆ ಸಾಲಾಗಿ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ನಮ್ಮ ಅತ್ತೆಯವರ ಒಂದು ಕಟ್ಟಪ್ಪಣೆಯಿತ್ತು. ಮೂರು ತಿಂಗಳು ತುಂಬುವವರೆಗೆ ಯಾರ ಮುಂದೆಯೂ ಬಾಯಿ ಬಿಡಬಾರದು. ಹೇಳಿದರೆ ದೃಷ್ಟಿಯಾಗುತ್ತದೆ, ನಿಲ್ಲುವುದಿಲ್ಲ. ಅತ್ತೆ ಕೆಟ್ಟವರೇನಲ್ಲ, ಅವರಿಗೆ ಅವರ ಅತ್ತೆ ಹೇಳಿದ್ದನ್ನೇ ನನಗೆ ದಾಟಿಸಿದ್ದರು. ಈ ಅಪ್ಪಣೆಯ ಒಳಗಿನ ಲೆಕ್ಕಾಚಾರ ನನಗೆ ಹೊಳೆದದ್ದು ಬಹಳ ತಡವಾಗಿ. ಮೂರು ತಿಂಗಳ ಒಳಗೇ ಹೋಗುವ ಕೂಸು ಬಂದದ್ದು ಯಾರಿಗೂ ಗೊತ್ತಿರುವುದಿಲ್ಲ. ಬಂದದ್ದೇ ಗೊತ್ತಿಲ್ಲದವರು ಹೋದದ್ದಕ್ಕೆ ಅಳುವುದಾದರೂ ಹೇಗೆ? ಗಂಡ, ನಾನು, ಲೇಡಿ ಡಾಕ್ಟರು, ಆಮೇಲೆ ಟ್ರಂಕ್ ಕಾಲಿನಲ್ಲಿ ಅತ್ತೆ, ಇಷ್ಟೇ ಜನಕ್ಕೆ ಗೊತ್ತಿದ್ದ ಮೂರು ಜೀವಗಳು ನಮ್ಮ ಮನೆಗೆ ಬಂದು ಹೋದವು. ನಾನು ಎರಡು ದಿನ ಮಲಗಿ, ಮೂರನೆಯ ದಿನ ‘ಪಿತ್ತ ಆಗಿತ್ತು’ ಎಂದು ಸುಳ್ಳು ಹೇಳುತ್ತಾ ಭಜನೆಗೆ ಹೋಗುತ್ತಿದ್ದೆ.

ಕನ್ನಡದ ಹೆಂಗಸರು ದಡ್ಡರಲ್ಲ. ಪಿತ್ತದ ಬಣ್ಣ ಎಂಥದು ಎಂದು ಅವರಿಗೂ ಗೊತ್ತಿತ್ತು. ಅವರು ನನ್ನನ್ನು ಏನೂ ಕೇಳಲಿಲ್ಲ. ನೋವಾದೀತೆಂದು ನಮ್ಮವರಲ್ಲೇ ಒಬ್ಬಳ ಸೀಮಂತದ ಕುಬಸಕ್ಕೆ ನನ್ನನ್ನು ಕರೆಯಲೂ ಇಲ್ಲ. ಆ ಶನಿವಾರ ತಾಳ ಹಾಕುತ್ತಿದ್ದ ಎಲ್ಲರ ಕೈಯಲ್ಲೂ ಹೊಸ ಹಸಿರು ಬಳೆಗಳನ್ನು ಕಂಡಾಗ ನನಗೆ ವಿಷಯ ತಿಳಿಯಿತು. ಅವರ ಮೇಲೆ ಸಿಟ್ಟು ಬಂತು, ಮರುಕ್ಷಣವೇ ಆ ಸಿಟ್ಟಿಗೆ ನಾಚಿಕೆಯೂ ಆಯಿತು. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಎರಡೂ ಕಡೆ ಪ್ರೀತಿಯೇ ಇತ್ತು, ನಡುವೆ ಮಾತ್ರ ಏನೂ ಇರಲಿಲ್ಲ.

ಒಂದು ಭಾನುವಾರ ಪೈಠಣಕ್ಕೆ ಹೋಗಿ ಗೋದಾವರಿಯಲ್ಲಿ ಮಿಂದು ಬಂದೆವು. ಏನು ಬೇಡಿಕೊಂಡೆ ಎಂದು ಗಂಡ ಕೇಳಲಿಲ್ಲ, ನಾನೂ ಅವರನ್ನು ಕೇಳಲಿಲ್ಲ. ಮುಂದಿನ ವರ್ಷ ಅದೇ ನದಿಯ ಮೇಲ್ದಂಡೆಯ ನಾಸಿಕಕ್ಕೆ ಅವರಿಗೆ ವರ್ಗವಾಯಿತು.

ನಾಸಿಕದಲ್ಲಿ ನಮಗೆ ಸಿಕ್ಕದ್ದು ಒಂದು ಹಳೆಯ ವಾಡೆಯ ಎರಡು ಕೋಣೆಗಳು. ನಡುವೆ ಕಲ್ಲು ಹಾಸಿದ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ನಲ್ಲಿ, ಸುತ್ತ ನಾಲ್ಕು ಬಿಡಾರ. ಮನೆಯೊಡತಿಯನ್ನು ಎಲ್ಲರೂ ಮರಾಠಿಯಲ್ಲಿ ಚಿಕ್ಕಮ್ಮ ಎಂಬರ್ಥದ ‘ಕಾಕು’ ಎಂದು ಕರೆಯುತ್ತಿದ್ದರು. ಅವರ ತವರು ಚಿಕ್ಕೋಡಿಯ ಕಡೆ. ಮದುವೆಯಾದಾಗಿನಿಂದ ಮರಾಠಿಯಲ್ಲೇ ಮುಳುಗಿದ್ದ ಅವರಿಗೆ ನಾನು ಬಂದದ್ದೇ ತಮ್ಮ ಕನ್ನಡಕ್ಕೆ ಹಿಡಿದ ಧೂಳು ಕೊಡವಲು ಒಂದು ನೆಪವಾಯಿತು. ಕಾಕು ಮಡಿಯ ಹೆಂಗಸು. ಬಾಡಿಗೆಗೆ ಕೊಡುವಾಗ ಅವರು ಹಾಕಿದ ಷರತ್ತು ಒಂದೇ: ಮುಟ್ಟಾದ ಮೂರು ದಿನ ಹೆಂಗಸರು ನಲ್ಲಿ ಮುಟ್ಟಬಾರದು, ಪಡಸಾಲೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಕೂಡಬೇಕು. ನೀರು, ಊಟ ಅವರ ಜವಾಬ್ದಾರಿ.

ಈ ಪದ್ಧತಿಯ ಪರವಾಗಿ ನಾನು ವಕಾಲತ್ತು ವಹಿಸುತ್ತಿಲ್ಲ. ಬಿ.ಎ. ಓದಿದವಳು ಚಾಪೆಯ ಮೇಲೆ ಕೂತು ಎತ್ತರದಿಂದ ಸುರಿಯುವ ನೀರಿಗೆ ತಂಬಿಗೆ ಒಡ್ಡುವುದು ಅವಮಾನವೇ ಸರಿ, ಮೊದಲ ತಿಂಗಳು ಗಂಡನ ಮೇಲೆ ಸಿಡುಕಿ ಬೇರೆ ಮನೆ ಹುಡುಕಲು ಹೇಳಿದ್ದೂ ಹೌದು. ಆದರೆ ಆ ಕೋಣೆಯಲ್ಲಿ ಇನ್ನೊಂದು ನಡೆಯಿತು. ಮಕ್ಕಳಿಗಾಗಿ ಕಾಯುವವಳಿಗೆ ಆ ಮೂರು ದಿನಗಳು ಏನೆಂದು ನಿಮಗೆ ಗೊತ್ತಿರಬಹುದು. ತಿಂಗಳೆಲ್ಲ ಸಾಕಿದ ಆಸೆ ಅವತ್ತು ಮುಗಿಯುತ್ತದೆ. ಔರಂಗಾಬಾದಿನಲ್ಲಿ ಅದನ್ನು ನಾನು ಅಡುಗೆ ಮಾಡುತ್ತಲೇ, ಬಟ್ಟೆ ಒಗೆಯುತ್ತಲೇ ನುಂಗಿಕೊಳ್ಳುತ್ತಿದ್ದೆ. ಇಲ್ಲಿ ಬೇರೆ ಕೆಲಸವಿರಲಿಲ್ಲ, ಆದ್ದರಿಂದ ಕೂತು ಅಳುತ್ತಿದ್ದೆ. ಕಾಕು ಮೆತ್ಕೂಟು ಕಲಸಿದ ಬಿಸಿ ಅನ್ನದ ತಾಟನ್ನು ಹೊಸ್ತಿಲಲ್ಲಿಟ್ಟು, ಅಲ್ಲೇ ಎರಡು ಮಾರು ದೂರದಲ್ಲಿ ಅಕ್ಕಿ ಆರಿಸುತ್ತಾ ಕೂಡುತ್ತಿದ್ದರು. ಯಾಕೆ ಅಳುತ್ತೀ ಎನ್ನಲಿಲ್ಲ. ತಮ್ಮ ತವರಿನ ಎಮ್ಮೆಯ ಬಗ್ಗೆ, ಪುಣೆಯಲ್ಲಿರುವ ಮಗನ ಬಗ್ಗೆ, ಪಿಂಪಳಗಾಂವದಿಂದ ಬಂದ ಈರುಳ್ಳಿ ಈ ಸಲ ಎಷ್ಟು ಬೇಗ ಕೊಳೆಯಿತು ಎಂಬುದರ ಬಗ್ಗೆ ಹೇಳುತ್ತಾ, ತಾಟು ಬರಿದಾಗುವವರೆಗೆ ಏಳುತ್ತಿರಲಿಲ್ಲ. ನನ್ನ ಅಳುವಿಗೆ ಮೊದಲ ಸಲ ಒಬ್ಬ ಸಾಕ್ಷಿ ಸಿಕ್ಕಿದ್ದರು.

ಹೀಗೆ ಒಂದು ವರ್ಷ ಕಳೆದು, ಒಂದು ತಿಂಗಳು ದಿನ ತಪ್ಪಿತು. ಸಂತೋಷಕ್ಕಿಂತ ಮೊದಲು ಬಂದದ್ದು ಭಯ. ಭಯದ ಹಿಂದೆಯೇ ಬಂತು ಅತ್ತೆಯ ಅಪ್ಪಣೆ. ಆದರೆ ಈ ವಾಡೆಯಲ್ಲಿ ಹೇಳದಿರುವುದು ಹೇಗೆ? ನಾನು ಹೊರಗೆ ಕೂಡದಿದ್ದರೆ ಅದೇ ಡಂಗುರ. ಕಾಕು ಆಗಲೇ ಚಾಪೆ ಕೊಡವಿ, ತಂಬಿಗೆ ತೊಳೆದಿಟ್ಟಿದ್ದರು. ನಾನು ಏನು ಮಾಡಿದೆ ಹೇಳಲೇ? ಗಂಭೀರವಾಗಿ ಮುಖ ಮಾಡಿಕೊಂಡು ಹೋಗಿ ಕೋಣೆಯಲ್ಲಿ ಕೂತುಬಿಟ್ಟೆ. ಬಸುರಿಯಾಗಿದ್ದವಳು ಮುಟ್ಟಾದಂತೆ ನಟಿಸುತ್ತಾ ಮೂರು ದಿನ ಕಳೆದೆ. ಯಾರಿಗೂ ಅನುಮಾನ ಬರಬಾರದೆಂದು ಒಗೆದ ಬಟ್ಟೆಯನ್ನೇ ಮತ್ತೆ ನೆನೆಸಿ ಹಿತ್ತಲ ಹಗ್ಗದ ಮೇಲೆ ಹರವಿದೆ. ಸಂಜೆ ಬ್ಯಾಂಕಿನಿಂದ ಬಂದ ಗಂಡ ನನ್ನನ್ನು ಅಲ್ಲಿ ಕಂಡು, ಎಲ್ಲ ಮುಗಿಯಿತೆಂದು ತಿಳಿದು ಕಂಬಕ್ಕೆ ಒರಗಿ ನಿಂತರು. ಅವರಿಗೆ ಸನ್ನೆಯಲ್ಲಿ ನಿಜ ತಿಳಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಮೆಂತ್ಯದ ವಾಸನೆಗೆ ಹೊಟ್ಟೆ ತೊಳಸುತ್ತಿದ್ದರೂ ಒಂದು ಅಗಳು ಬಿಡದೆ ಉಂಡೆ.

ಮರುತಿಂಗಳು ಮತ್ತೆ ಅದೇ ನಾಟಕಕ್ಕೆ ಕೂತೆ. ಅವತ್ತು ಮಧ್ಯಾಹ್ನ ಕಾಕು ತಾಟಿಲ್ಲದೆ ಬಂದರು. ಹೊಸ್ತಿಲ ಹತ್ತಿರ ನಿಲ್ಲಲಿಲ್ಲ, ದಾಟಿ ಒಳಗೆ ಬಂದರು, ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಕೂತು ನನ್ನ ತಲೆಯ ಮೇಲೆ ಕೈ ಇಟ್ಟರು. ಮಡಿ ಸೀರೆಯುಟ್ಟ ಹೆಂಗಸು, ಹೊರಗೆ ಕೂತವಳ ನೆರಳೂ ತಾಗದಂತೆ ನಡೆಯುವವರು.

“ಹೋದ ತಿಂಗಳ ಗೊತ್ತಾತು ನನಗ,” ಎಂದರು ಕಾಕು. “ಅರಿವಿ ಒಗದ ಹಾಕಿದ್ದಿ, ಖರೆ. ಆದರ ನೀ ಅಳಲಿಲ್ಲ.”

ಸಿಕ್ಕಿಬಿದ್ದ ನಾಚಿಕೆಯಲ್ಲಿ ನಾನು ಅತ್ತೆಯ ಅಪ್ಪಣೆಯನ್ನು ಒಪ್ಪಿಸಿದೆ. ಔರಂಗಾಬಾದಿನ ಮೂರನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅವು ನನ್ನ ಬಾಯಿಂದ ಹೊರಬರುತ್ತಿರುವುದು ಇದೇ ಮೊದಲೆಂದು ನನಗೇ ಅರಿವಾಯಿತು. ಕಾಕು ಪೂರ್ತಿ ಕೇಳಿದರು.

“ಮಗ ಹುಟ್ಟೂಕಿಂತ ಮೊದಲ ನನ್ನವೂ ಹೋಗ್ಯಾವ, ಬಾಳಾ,” ಎಂದರು, ಮಗುವೇ ಎನ್ನುವ ಮರಾಠಿ ಮಾತಿನಲ್ಲಿ ಕರೆದು. “ನಾನೂ ಯಾರ ಮುಂದೂ ಹೇಳಿದ್ದಿಲ್ಲ. ಹೇಳಲಿಲ್ಲಂತ ಅವೇನ ನಿಂತವೇನು? ಏಳು, ಒಳಗ ನಡಿ. ಇಲ್ಲಿ ನೆಲಾ ಭಾಳ ಥಂಡಿ ಅದ.”

ಆ ಸಂಜೆಯ ಹೊತ್ತಿಗೆ ವಾಡೆಗೆಲ್ಲ ಗೊತ್ತಾಯಿತು. ನಲ್ಲಿಯ ಮುಂದೆ ನನ್ನ ಕೊಡಕ್ಕೆ ಸರದಿಯಿಲ್ಲದಾಯಿತು. ಯಾರು ತುಂಬಿದರೋ, ಯಾರು ತಂದಿಟ್ಟರೋ, ನನ್ನ ಬಾಗಿಲಲ್ಲಿ ನೀರಿರುತ್ತಿತ್ತು. ಮೇಲಿನ ಬಿಡಾರದಲ್ಲಿದ್ದ ಮಾಲೇಗಾಂವದ ಹೆಂಗಸು ಡಾಕ್ಟರರ ಬಳಿಗೆ ನನ್ನ ಜೊತೆ ಬಂದು, ನಾನು ಕೇಳಲು ಹಿಂಜರಿದದ್ದನ್ನೆಲ್ಲ ತಾನೇ ಕೇಳಿದಳು. ಮೂರು ತಿಂಗಳು ತುಂಬಿತು. ಅತ್ತೆಗೆ ಕಾಗದ ಬರೆದೆವು, ಅವರು ಬರುವವರ ಕೈಯಲ್ಲಿ ಚಕ್ಕುಲಿ ಕಳಿಸಿದರು. ಚಕ್ಕುಲಿಯ ಡಬ್ಬಿ ಇನ್ನೂ ಅರ್ಧವಿರುವಾಗಲೇ, ನಾಲ್ಕನೆಯ ತಿಂಗಳಲ್ಲಿ, ಅದೂ ಹೋಯಿತು.

ಅದನ್ನು ಹೇಗೆ ಬರೆಯಲಿ? ಆಸ್ಪತ್ರೆಯಿಂದ ಬಂದ ನನ್ನನ್ನು ಕಾಕು ಆ ಚಿಕ್ಕ ಕೋಣೆಗೆ ಕಳಿಸಲಿಲ್ಲ, ತಮ್ಮ ನಡುಮನೆಯಲ್ಲಿ ಮಲಗಿಸಿದರು. ಸತ್ತವರ ಮನೆಗೆ ಬರುವಂತೆ ವಾಡೆಯ ಹೆಂಗಸರು ಬಂದು ಸುತ್ತ ಕೂತರು. ದೇವರ ಇಚ್ಛೆ ಎನ್ನಲಿಲ್ಲ, ಇನ್ನೂ ವಯಸ್ಸಿದೆ ಎನ್ನಲಿಲ್ಲ. ಒಬ್ಬಳು ತನ್ನದನ್ನು ಹೇಳಿದಳು. ಆಮೇಲೆ ಇನ್ನೊಬ್ಬಳು ತನ್ನ ಅಕ್ಕನದನ್ನು ಹೇಳಿದಳು. ಯಾರ ಬಳಿ ಇರಲಿಲ್ಲ ಅಂಥದೊಂದು? ಅಂಗಳದಲ್ಲಿ ನನ್ನ ಗಂಡ ಅಳುತ್ತಿರುವುದು ಕೇಳಿಸಿತು, ಕಾಕುವಿನ ಯಜಮಾನರು ಅವರ ಭುಜ ಹಿಡಿದು ನದಿಯ ಕಡೆ ಕರೆದೊಯ್ದರು. ನೋವು ಕಡಿಮೆಯಾಯಿತೆಂದರೆ ಸುಳ್ಳಾದೀತು, ಮೊದಲಿನ ಮೂರಕ್ಕಿಂತ ಇದೇ ಹೆಚ್ಚು ನೋಯಿಸಿತು. ಆದರೆ ಮೂರನೆಯ ದಿನ ನಾನು ಪಿತ್ತದ ಕಥೆ ಹೇಳಬೇಕಾಗಲಿಲ್ಲ.

ಅತ್ತೆ ಧಾರವಾಡದಿಂದ ಓಡಿಬಂದರು. ವಾಡೆಗೆಲ್ಲ ಮೊದಲೇ ತಿಳಿದಿತ್ತು ಎಂದು ಕೇಳಿ ಅವರ ಮುಖ ಗಂಟಿಕ್ಕಿತು. ಹೇಳಿದ್ದಕ್ಕೇ ಹೀಗಾಯಿತು ಎಂಬ ಮಾತು ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಅಂದಿದ್ದರೆ ನಾನು ಮತ್ತೆ ಪ್ರಯತ್ನಿಸುವ ಧೈರ್ಯವನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಅವರು ಅನ್ನಲಿಲ್ಲ. ದಿನವೂ ಬೆಳಿಗ್ಗೆ ಕಾಕುವಿನ ಜೊತೆ ಮೆಂತ್ಯಸೊಪ್ಪು ಬಿಡಿಸುತ್ತಾ ಕೂಡುತ್ತಿದ್ದರು, ಇಬ್ಬರೂ ಬಹಳ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಏನು ಮಾತಾಡಿದರೋ ಇಂದಿಗೂ ತಿಳಿಯದು. ಊರಿಗೆ ಹೊರಡುವಾಗ ಅತ್ತೆ ನನ್ನ ಮುಖ ಸವರಿ, ಬಸ್ಸು ತಪ್ಪೀತೆಂದು ಅವಸರ ಮಾಡಿದರು.

ಮತ್ತೆ ಪ್ರಯತ್ನಿಸುವುದು ಎಂದು ಸುಲಭವಾಗಿ ಬರೆದುಬಿಡುತ್ತೇವೆ. ಬಯಕೆ ಎಂಬುದಕ್ಕೆ ಬುದ್ಧಿಯಿಲ್ಲ, ಪೆಟ್ಟು ತಿಂದ ಬಾಗಿಲಿಗೇ ಮರಳಿ ಹೋಗಿ ನಿಲ್ಲುತ್ತದೆ. ತೊಟ್ಟಿಲಂಗಡಿಯ ಮುಂದೆ ಹಾದುಹೋಗಲಾರದೆ ಸುತ್ತು ಬಳಸಿ ಮಾರ್ಕೆಟ್ಟಿಗೆ ಹೋಗುತ್ತಿದ್ದ ನಾನೇ, ಮುಂದಿನ ವರ್ಷ ದಿನ ತಪ್ಪಿದ ಬೆಳಿಗ್ಗೆ, ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಎಲ್ಲರ ಎದುರು, ಈ ಸಲ ಚಾಪೆ ಕೊಡವಬೇಡಿ ಎಂದು ಕಾಕುವಿಗೆ ಗಟ್ಟಿಯಾಗಿ ಹೇಳಿದೆ. ಯಾರೂ ಸಂಭ್ರಮಿಸಲಿಲ್ಲ. ಒಬ್ಬಳು ಸುಮ್ಮನೆ ನನ್ನ ಕೈಯಿಂದ ಕೊಡ ತೆಗೆದುಕೊಂಡಳು.

ಆ ಐದನೆಯದು ಮಗಳಾಗಿ ಹುಟ್ಟಿ, ನಮ್ಮ ಕನ್ನಡಕ್ಕೆಲ್ಲ ಮರಾಠಿಯಲ್ಲಿ ಎದುರುತ್ತರ ಕೊಡುತ್ತಾ ಬೆಳೆದಳು ಎಂಬುದನ್ನು, ನೀವು ಉಸಿರು ಬಿಗಿಹಿಡಿದಿದ್ದರೆ ಬಿಡಲೆಂದು, ಈಗಲೇ ಹೇಳಿಬಿಡುತ್ತೇನೆ. ನನಗೆ ಹೇಳಬೇಕಿದ್ದದ್ದು ಅವಳು ಹುಟ್ಟುವ ಮುಂಚಿನ ಒಂದು ಮಧ್ಯಾಹ್ನದ ಸಂಗತಿ. ಏಳನೆಯ ತಿಂಗಳಲ್ಲಿ ವಾಡೆಯವರೆಲ್ಲ ಸೇರಿ ನನಗೆ ಡೋಹಾಳೆ ಜೇವಣ ಮಾಡಿದರು, ಎಂದರೆ ಬಸುರಿಯ ಬಯಕೆಯ ಊಟ. ಅತ್ತೆ ಎರಡು ದಿನ ಮೊದಲೇ ಬಂದಿದ್ದರು. ಉಡಿ ತುಂಬಲು ಬಂದವರಲ್ಲಿ, ಆಗಷ್ಟೇ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರ ಹೆಂಡತಿಯೂ ಇದ್ದಳು. ವಿಜಾಪುರದ ಹುಡುಗಿ, ನಮ್ಮ ವಿಷಯ ಏನೂ ಅರಿಯದವಳು. ನನ್ನ ಮುಡಿಯ ಹೂವು ಸರಿಮಾಡುತ್ತಿದ್ದ ಅತ್ತೆಯನ್ನು ಅವಳು ನಗುತ್ತಾ ಕೇಳಿದಳು, “ಚೊಚ್ಚಲೇನ್ರೀ?”

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಎಲ್ಲರೂ ಹೌದೆಂದೇ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಮುಡಿಯಲ್ಲಿದ್ದ ಅತ್ತೆಯ ಕೈ ನಿಂತಿತು.

“ಅಲ್ಲವ್ವಾ,” ಎಂದರು ಅತ್ತೆ. “ಇದು ಐದನೇದು.”

“ಹಂಗಾರ ಉಳಿದವ್ರು ಊರಾಗ ಇರ್ತಾರೇನ್ರೀ?”

“ಅವು ನಾಕೂ ನಿಲ್ಲಲಿಲ್ಲ. ಆದರೂ ನಮ್ಮವ ಅವು.”

ಆ ಹುಡುಗಿ ಬೊಗಸೆ ತುಂಬ ಅಕ್ಕಿ ತೆಗೆದುಕೊಂಡು ನನ್ನ ಉಡಿಗೆ ಹಾಕಿದಳು. ಹೊಟ್ಟೆಯಲ್ಲಿರುವುದು ಉಳಿದೀತೇ ಎಂಬುದು ಅಂದು ನನಗೂ ತಿಳಿದಿರಲಿಲ್ಲ, ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಆದರೆ ತುಂಬಿದ ಆ ಮನೆಯಲ್ಲಿ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳದೆ, ಐದು ಮಕ್ಕಳ ತಾಯಿಯಾಗಿ, ಎಲ್ಲರ ಎದುರಿಗೇ ಅತ್ತುಬಿಟ್ಟೆ.