ನೀಲಕ್ಕನ ಜೋಡಿ

ನೀಲಕ್ಕ ನಮ್ಮ ಓಣಿಗೆ ಬರುತ್ತಾರೆ ಅಂದರೆ ಅವರಿಗಿಂತ ಮೊದಲು ಅವರ ದನಿ ಬರುತ್ತಿತ್ತು. ತವರು ಬೆಳಗಾವಿಯದೇ ಶಹಾಪುರ, ಕೆಳಗೆ ಪವರ್‌ಲೂಮು, ಮೇಲೆ ಸಂಸಾರ. ಮಗ್ಗಗಳ ಖಟಖಟದ ನಡುವೆ ಚಹಾ ಬೇಕಾದರೂ ಕೂಗಬೇಕು, ಅಳು ಬಂದರೂ ಕೂಗಬೇಕು. ಹಾಗೆ ಪಳಗಿದ ಗಂಟಲು ಶಿವಬಸವ ನಗರಕ್ಕೆ ಸೊಸೆಯಾಗಿ ಬಂದ ಮೇಲೂ ತಗ್ಗಲಿಲ್ಲ. ಗುಟ್ಟಿನ ಮಾತು ಹೇಳಲು ನಮ್ಮ ಅಡುಗೆಮನೆಗೆ ಬಂದರೆ ನಾನು ಮೊದಲು ಕಿಟಕಿ ಮುಚ್ಚುತ್ತಿದ್ದೆ. "ಯಾಕ ಮುಚ್ಚತೀಯವಾ, ಗಾಳಿ ಬರಲಿ ಬಿಡು" ಎನ್ನುತ್ತಿದ್ದರು. ಗಾಳಿ ಬರುವುದರ ಬಗ್ಗೆ ನನ್ನದೇನೂ ತಕರಾರಿರಲಿಲ್ಲ, ಸುದ್ದಿ ಹೊರಗೆ ಹೋಗುವುದರ ಬಗ್ಗೆ ಇತ್ತು.

ನಾನು ನೆಹರು ನಗರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದೆ. ಮಂದಿ ಹೇಗೆ ಸಮಾಧಾನ ಹೇಳುತ್ತಾರೆ ಎಂಬುದನ್ನು ದಿನವೂ ನೋಡಿ ಸಮಾಧಾನದ ಮಾತು ಅಂದರೇನೇ ಬೇಸರ ಬಂದಿತ್ತು. ನನ್ನ ಗಂಡ ತೀರಿಕೊಂಡಾಗ ನೀಲಕ್ಕ ಒಂದು ಮಾತೂ ಸಮಾಧಾನ ಹೇಳಲಿಲ್ಲ. ದಿನಾ ಸಂಜೆ ಬಂದು ನನ್ನೆದುರು ತಾಟು ಇಟ್ಟು ಕೂಡುತ್ತಿದ್ದರು. "ನೀ ಉಂಡಿ ಅಂದ್ರ ನಾ ಮನೀಗೆ ಹೋಗಾಕಿ. ಅಲ್ಲಿ ನಮ್ಮ ಮನಿಯವ್ರು ಹಸದು ಕುಂತಾರ. ಆ ಪಾಪ ನಿನಗ ಹತ್ತತೈತಿ, ನೋಡು." ಅವರ ಯಜಮಾನರ ಹಸಿವಿಗೆ ಹೆದರಿ ನಾನು ಉಣ್ಣುತ್ತಿದ್ದೆ. ಅವರನ್ನು ಅಕ್ಕ ಅಂತ ಕರೆಯುತ್ತಿದ್ದುದು ಬಾಯಿಮಾತಿಗಲ್ಲ.

ಓಣಿಯ ಹೆಂಗಸರನ್ನು ಕಟ್ಟಿಕೊಂಡು ಯಾತ್ರೆ ಹೊರಡುವುದು ನೀಲಕ್ಕನ ಹುಚ್ಚು. ಮೊದಲು ಸೊಗಲ, ಕೂಡಲಸಂಗಮ. ಆಮೇಲೆ ಕಾಶಿ, ಕೇದಾರ. ಅವರ ಪ್ರವಾಸಕ್ಕೆ ಎರಡು ಕಾನೂನು. ಒಂದು ಜೋಡಿಯ ಕಾನೂನು. ಬಸ್ಸಿನಲ್ಲಿ ಹಾಜರಿ ಕೂಗಿದಾಗ ಯಾರೂ ತಮ್ಮ ಬಗ್ಗೆ ತಾವು ಹೇಳಬಾರದು, ಜೋಡಿಯವಳ ಬಗ್ಗೆ ಹೇಳಬೇಕು. ಅವಳು ಬಂದಳೋ ಇಲ್ಲವೋ, ಉಂಡಳೋ, ಗುಳಿಗೆ ತಗೊಂಡಳೋ, ಎಲ್ಲಕ್ಕೂ ಜೋಡಿಯೇ ಬಾಯಿ. "ತನ್ನ ಬಗ್ಗೆ ಹೆಣಮಗಳು ಖರೇ ಹೇಳೂದಿಲ್ಲ. ಕಾಲು ಬಾತಿದ್ರೂ ಏನೂ ಆಗಿಲ್ರೀ ಅಂತಾಳ. ಅದಕ್ಕ ಬಾಜೂದಾಕಿನ್ನ ಕೇಳಬೇಕು" ಎನ್ನುತ್ತಿದ್ದರು. ನನ್ನ ಜೋಡಿ ಸ್ವತಃ ನೀಲಕ್ಕ.

ಇನ್ನೊಂದು ಚೀಲದ ಕಾನೂನು. ಎಲ್ಲರೂ ದರ್ಶನಕ್ಕೆ ಹೋದಾಗ ಒಬ್ಬಳು ಚೀಲ, ಚಪ್ಪಲಿ ಕಾಯಬೇಕು. ಕಾದವಳನ್ನು ಆಮೇಲೆ ನೀಲಕ್ಕನೇ ಕರೆದುಕೊಂಡು ಹೋಗಬೇಕು. ಶ್ರೀಶೈಲದಲ್ಲಿ ಆ ಪಾಳಿ ನನ್ನದಾಗಿತ್ತು. ಉಳಿದವರು ಹೊರಬರುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಯಿತು. "ಇರಲಿ ಬಿಡ್ರಿ ಅಕ್ಕಾ, ಶಿಖರಕ್ಕ ಕೈ ಮುಗೀತೇನಿ" ಎಂದೆ. ತಾಸುಗಟ್ಟಲೆ ನಿಂತು ಆಗಷ್ಟೇ ಹೊರಬಂದಿದ್ದ ನೀಲಕ್ಕ ನನ್ನ ರಟ್ಟೆ ಹಿಡಿದು ಮತ್ತೆ ಒಳಗೆ ನಡೆದರು. ಬಾಗಿಲಲ್ಲಿ ತಡೆದವನಿಗೆ ಬರುತ್ತಿದ್ದುದು ತೆಲುಗು. ನೀಲಕ್ಕನಿಗೆ ಕನ್ನಡ, ಮರಾಠಿ. "ಈಕಿ ನಮ್ಮ ಚೀಲಾ ಕಾದಾಳ. ಈಕಿನ್ನ ಬಿಡಾಂಗಿಲ್ಲಂದ್ರ ನಮ್ಮ ದರ್ಶನಾನೂ ವಾಪಸ್ ತಗೊ!" ಮಾತು ತಿಳಿಯಿತೋ ಇಲ್ಲವೋ, ದನಿ ತಿಳಿಯಿತು. ಬಿಟ್ಟ. ನಾನು ದೇವರನ್ನು ನೋಡಿದ್ದಕ್ಕಿಂತ ಹೆಚ್ಚು ನೀಲಕ್ಕನನ್ನು ನೋಡಿದೆ.

ಹೋದ ವರ್ಷ ಅವರು ನಮ್ಮನ್ನೆಲ್ಲ ಯುರೋಪಿಗೆ ಹೊರಡಿಸಿದರು. ಯಾವುದೋ ಕಂಪನಿಯ ಬಸ್ಸು, ಕಂಪನಿಯ ಹೋಟೆಲು. ಆದರೆ ಕಾನೂನು ನೀಲಕ್ಕನದೇ. ನನಗೆ ಅರಮನೆ, ಗೋಪುರ ಯಾವುದೂ ಬೇಕಿರಲಿಲ್ಲ. ಬಂದದ್ದು ಒಂದೇ ಒಂದು ಜಾಗಕ್ಕಾಗಿ. ಆಸ್ಟ್ರಿಯಾದ ಒಂದು ಬೆಟ್ಟದೊಳಗೆ ಬರ್ಫಿನ ಗವಿ ಇದೆ, ಒಳಗೆಲ್ಲ ಮಂಜುಗಡ್ಡೆ, ಬೇಸಿಗೆಯಲ್ಲೂ ಆ ಬರ್ಫು ಕರಗುವುದಿಲ್ಲ ಎಂದು ನೀಲಕ್ಕ ಹೇಳಿದ ದಿನವೇ ನಾನು ಹೂಂ ಅಂದಿದ್ದೆ.

ನನ್ನ ಅಪ್ಪ ಖಾನಾಪುರದ ಸ್ಟೇಷನ್ ಎದುರು ಬರ್ಫು ಹೆರೆದು, ಬಣ್ಣದ ಪಾಕ ಸುರಿದು ಗೋಳಾ ಮಾರುತ್ತಿದ್ದ. ಬೆಳಗಾವಿಯ ಕಾರ್ಖಾನೆಯಿಂದ ಬರ್ಫಿನ ಗಡ್ಡೆ ತರಬೇಕು. ಗೋಣಿತಟ್ಟು ಸುತ್ತಿ, ಕಟ್ಟಿಗೆ ಹೊಟ್ಟು ತುಂಬಿ ರೈಲಿನಲ್ಲಿ ತಂದರೂ ಇಳಿಸುವಷ್ಟರಲ್ಲಿ ಅರ್ಧ ನೀರು. ಸಾಲಿ ಬಿಟ್ಟ ಕೂಡಲೇ ನಾನು ಓಡಿಹೋಗಿ ಗಾಡಿಯ ಮೇಲೆ ನೆರಳು ಹಿಡಿಯುತ್ತಿದ್ದೆ. ಮೋಡ ಬಂದರೆ ಗಿರಾಕಿ ಇಲ್ಲ, ಬಿಸಿಲು ಬಂದರೆ ಬರ್ಫು ಇಲ್ಲ. ಅಪ್ಪ ನಗುತ್ತಲೇ ಹೇಳುತ್ತಿದ್ದ: "ಪಾರು, ಕರಗಲಾರದ ಬರ್ಫ ಇರೂ ಊರಾಗ ಹುಟ್ಟಬೇಕಾಗಿತ್ತ ನೋಡವಾ ನಾವು." ಅಂಥ ಊರೊಂದು ನಿಜವಾಗಿ ಇದೆ ಎಂದು ತಿಳಿಯದೇ ಹೋದ. ಅವನ ಪರವಾಗಿ ಒಂದು ಸಲ ಆ ಬರ್ಫಿನ ಎದುರು ನಿಲ್ಲಬೇಕು, ಅಷ್ಟೇ ನನ್ನ ಆಸೆ. ಇದನ್ನು ಕೇಳಿ ನೀಲಕ್ಕ ಕಣ್ಣೊರೆಸಿಕೊಂಡಿದ್ದರು. ವಿಮಾನ ಹತ್ತುವ ಮೊದಲೇ ಇಡೀ ಗುಂಪಿಗೆ ಕಥೆ ಗೊತ್ತಿತ್ತು, ಅವರ ಗಂಟಲಿನ ಕೃಪೆ.

ನನ್ನ ಮೊಣಕಾಲು ಸರಿಯಿರಲಿಲ್ಲ. ಗವಿಯಲ್ಲಿ ಮೆಟ್ಟಿಲು ಬಹಳ ಎಂದು ತಿಳಿದು ತಿಂಗಳುಗಟ್ಟಲೆ ಎದುರಿನ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿದು ರೂಢಿ ಮಾಡಿಕೊಂಡಿದ್ದೆ. ವಾಚ್‌ಮನ್ ದಿನಾ ನೋಡಿ ನೋಡಿ, "ಅಕ್ಕಾರ, ಲಿಫ್ಟ್ ಚಾಲೂ ಅದರಿ" ಅಂದ. ಆದರೂ ಗುಂಪಿನಲ್ಲಿ ಕೊನೆಗೆ ನಡೆಯುವವಳು ನಾನೇ. ಗವಿಯ ಹಿಂದಿನ ದಿನ ಒಂದು ಕೋಟೆಯಿಂದ ಇಳಿಯಲು ತಡಮಾಡಿದೆ. ಬಸ್ಸು ಕಾಯಿತು, ಊಟದ ಹೊತ್ತು ಮೀರಿತು. ಹಿಂದಿನ ಸೀಟಿನಲ್ಲಿ ಯಾರೋ ಗೊಣಗಿದರು. "ಬಾಯಿ ಮುಚ್ಚರಿ" ಎಂದು ನೀಲಕ್ಕ ತಿರುಗಿ ಗದರಿಸಿದರು. ಪಕ್ಕದಲ್ಲಿ ಕೂತಿದ್ದ ನನಗೆ ಕಿವಿ ನೊಂದಿತು, ಮನಸ್ಸು ತುಂಬಿತು.

ಮರುದಿನ ಬೆಟ್ಟದ ಮೇಲೆ ಕೇಬಲ್ ಕಾರಿನ ತೊಟ್ಟಿಲಿನಲ್ಲಿ ಏರಿದೆವು. ಅಲ್ಲಿ ಒಂದು ಸಣ್ಣ ಹೋಟೆಲು, ಹೊರಗೆ ಮರದ ಬೆಂಚು. ಗವಿಯ ಬಾಯಿಗೆ ಅಲ್ಲಿಂದ ಏರು ದಾರಿ. ಒಳಗೆ ಗೈಡ್ ಇಲ್ಲದೆ ಬಿಡುವುದಿಲ್ಲ; ಗುಂಪನ್ನು ಒಳಗೆ ತಗೊಂಡು ಬಾಗಿಲು ಹಾಕಿಕೊಂಡರೆ ಮುಗಿಯಿತು, ನಡುವೆ ಯಾರೂ ನಿಲ್ಲುವಂತಿಲ್ಲ. ನಾನು ಸೀರೆಯ ಮೇಲೆ ಎರಡು ಸ್ವೆಟರ್ ಹಾಕಿ, ಮಂಕಿ ಟೋಪಿ ಏರಿಸಿ ತಯಾರಾಗಿದ್ದೆ.

ನೀಲಕ್ಕ ಟಿಕೀಟು ತಗೊಂಡು ಬಂದು ನನ್ನ ಎದುರು ಚೀಲಗಳನ್ನು ಸಾಲಾಗಿ ಇಟ್ಟರು. "ಪಾರು, ಇವತ್ತ ನಿನ್ನ ಪಾಳಿ. ಇವ್ರನ್ನ ಮುಗಿಸಿಕೊಂಡು ಬರ್ತೇನಿ. ಆಮ್ಯಾಲ ನಾವಿಬ್ರೂ ಸಾವಕಾಶ ಹೋಗೂಣು, ಯಾರ ಗಡಬಡಿನೂ ಬ್ಯಾಡ. ನೀ ಇಲ್ಲೇ ಕುಂದ್ರು."

ಕೂತೆ. ಎಷ್ಟು ಸಂತೋಷದಿಂದ ಕೂತೆ ಅಂದರೆ, ನನ್ನ ಕಾಲಿನ ಸಲುವಾಗಿ ನೀಲಕ್ಕ ಬೇರೆ ಸರದಿ ಮಾಡಿಸಿದ್ದಾರೆ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಕರೆದಾಗ ಸಂಡಾಸು ಹುಡುಕುವಂತಾಗಬಾರದು ಎಂದು ಚಹಾ ಕುಡಿಯಲಿಲ್ಲ, ನೀರೂ ಕುಡಿಯಲಿಲ್ಲ. ಬಿಸಿಲಿದ್ದರೂ ಟೋಪಿ ತೆಗೆಯಲಿಲ್ಲ. ಗವಿಯಿಂದ ಇಳಿದು ಬರುವ ಪರದೇಶದ ಮಂದಿಯ ಕೆಂಪು ಮೂಗು ನೋಡಿ, ಇನ್ನೇನು ನನ್ನ ಮೂಗೂ ಹಾಗಾಗುತ್ತದೆ ಅಂದುಕೊಂಡು ಒಬ್ಬಳೇ ನಕ್ಕೆ. ಅಪ್ಪನಿಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ.

ಗುಂಪು ಇಳಿದು ಬಂತು. ನಾನು ಎದ್ದು ಸೆರಗು ಬಿಗಿದು ನಿಂತೆ. ನೀಲಕ್ಕ ನನ್ನ ಮುಖ ನೋಡಲಿಲ್ಲ. ಬಗ್ಗಿ ತಮ್ಮ ಚೀಲ ಎತ್ತಿಕೊಂಡರು. "ನಡಿ ಪಾರು, ಬಸ್ಸಿಗೆ ಹೊತ್ತಾತು. ಇವತ್ತಿಂದು ಬಂದ್ ಆತಂತ."

ನಾವು ಕೆಳಗಿಳಿಯುವಾಗ ಗವಿಯ ದಾರಿಯಲ್ಲಿ ಇನ್ನೊಂದು ಗುಂಪು ಮೇಲೇರುತ್ತಿತ್ತು. ನೋಡಿದೆ, ಆದರೂ ನಂಬಿದೆ. ನೀಲಕ್ಕ ಹೇಳಿದ್ದಲ್ಲವೇ.

ಬಸ್ಸಿನಲ್ಲಿ ನೀಲಕ್ಕ ನನ್ನ ಪಕ್ಕ ಕೂಡಲಿಲ್ಲ, ಮುಂದೆ ಡ್ರೈವರನ ಹತ್ತಿರ ಹೋದರು. ಆ ಸೀಟಿಗೆ ಬಂದವಳು ವಿದ್ಯಾ, ನಮ್ಮ ಗುಂಪಿನ ಎಲ್ಲರಿಗಿಂತ ಸಣ್ಣವಳು, ಬ್ಯಾಂಕಿನಲ್ಲಿ ಕೆಲಸ. ಇನ್ನೂ ಕೈ ಉಜ್ಜಿಕೊಳ್ಳುತ್ತಿದ್ದಳು. "ಅಕ್ಕಾರ, ನೀವು ಬರಬೇಕಾಗಿತ್ರೀ. ಹೆಂಗರ ಮಾಡಿ ನಡಸತಿದ್ವಿ. ನೀವ ಬ್ಯಾಡ ಅಂದ್ರಂತಲ್ಲ?"

"ನಾ ಎಲ್ಲಿ ಬ್ಯಾಡ ಅಂದೆ?"

"ಟಿಕೀಟ ತಗೊಳ್ಳುಮುಂದ ನೀಲಕ್ಕಾರು ಹೇಳಿದ್ರಲ್ರೀ. ಪಾರುಗ ಕಾಲು ಆಗೂದಿಲ್ಲಂತ, ಆಕೀನ ಒಲ್ಲೆ ಅಂದಾಳ, ಆಕೀದೊಂದು ಟಿಕೀಟ ಬ್ಯಾಡ ಅಂತ."

ಯಾರೂ ನನ್ನನ್ನು ಕೇಳಿರಲಿಲ್ಲ. ಯಾಕೆ ಕೇಳುತ್ತಾರೆ? ಜೋಡಿ ಹೇಳಿದ ಮೇಲೆ ಮುಗಿಯಿತು. ಅಷ್ಟರಲ್ಲಿ ಹಾಜರಿ ಶುರುವಾಯಿತು. ನನ್ನ ಹೆಸರು ಬಂದಾಗ ನೀಲಕ್ಕ ಮುಂದಿನಿಂದ ತಿರುಗದೆಯೇ ಕೂಗಿದರು: "ಪಾರು ಅದಾಳ." ನನಗೆ ಆಗ ಬಂದಷ್ಟು ಸಿಟ್ಟು ಜನ್ಮದಲ್ಲಿ ಬಂದಿಲ್ಲ. ಕಾಲಿಲ್ಲದವಳು ಎಂದು ನನ್ನನ್ನು ಬಿಟ್ಟುಹೋಗಿದ್ದರೆ ಸಹಿಸುತ್ತಿದ್ದೆ. ನನ್ನ ಬಾಯಿಂದ ಒಲ್ಲೆ ಅನ್ನಿಸಿದ್ದನ್ನು ಹೇಗೆ ಸಹಿಸಲಿ? ಅದೂ ಆ ಬರ್ಫನ್ನು!

ಉಳಿದ ಪ್ರವಾಸವಿಡೀ ನಾನು ಮೂಕಿಯಾಗಿದ್ದೆ. ಬೆಳಗಾವಿಗೆ ಬಂದ ಕೆಲವು ದಿನಗಳ ಮೇಲೆ ನೀಲಕ್ಕ ಮನೆಗೆ ಬಂದರು. ಕೈಯಲ್ಲಿ ಡಬ್ಬಿ, ಅದರಲ್ಲಿ ಕರದಂಟು. ನಾನು ಚಹಾ ಮಾಡಿಕೊಟ್ಟೆ. ಮನೆಗೆ ಬಂದವರಿಗೆ ಚಹಾ ಕೊಡದಿರುವುದು ನನಗೆ ಗೊತ್ತಿಲ್ಲ.

"ಒಳಗ ಅಂಥಾದ್ದೇನೂ ಇರಲಿಲ್ಲವಾ" ಎಂದರು. "ಬರೀ ಬರ್ಫ. ನೀ ಏನೂ ಕಳಕೊಂಡಿಲ್ಲ."

ನಾನು ಕರದಂಟಿನ ಡಬ್ಬಿಯನ್ನು ಅವರ ಕಡೆಗೆ ಸರಿಸಿದೆ.

"ಎಲ್ಲಾರೂ ನನ್ನ ಜೀವಾ ತಿಂದ್ರು ಪಾರು. ನೀ ನಡುವ ನಿಂತ್ರ ಎಲ್ಲಾರೂ ನಿಲ್ಲಬೇಕು ಅಂದ್ರು. ನಾ ಏನ ಮಾಡ್ಲಿ?"

"ನನಗ ಹೇಳಬೇಕಾಗಿತ್ರಿ ಅಕ್ಕಾ. ಹಿಂಗ ಹಿಂಗ ಐತಿ ಅಂತ ಒಂದ ಮಾತು. ನೀವು ಹೋಗ್ರಿ ಅಂತ ನಾನ ಅಂತಿದ್ದೆ. ಖರೇನ ಅಂತಿದ್ದೆ."

ನೀಲಕ್ಕ ಕಪ್ಪು ಕೆಳಗಿಟ್ಟರು. "ಗೊತ್ತೈತಿ. ನೀ ಹಂಗ ಅಂದಿದ್ರ ನಿನ್ನ ಒಬ್ಬಾಕಿನ್ನ ಬಿಟ್ಟು ನಾ ಹೆಂಗ ಹೋಗ್ಲಿ? ನಾನೂ ನಿನ್ನ ಬಾಜೂಕ ಕುಂದರಬೇಕಾಗತಿತ್ತು." ಕಪ್ಪನ್ನೇ ನೋಡುತ್ತ ಹೇಳಿದರು, "ನನಗೂ ನೋಡಬೇಕಾಗಿತ್ತು ಪಾರು."

ಆ ಮಾತು ಖರೇ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಳಗಿದ್ದದ್ದು ಬರೀ ಬರ್ಫಲ್ಲ ಎಂಬುದೂ ಗೊತ್ತಾಗುತ್ತಿತ್ತು. ಅವರು ಮುಂದೆ ಬಾಗಿ ನನ್ನ ಮಣಿಕಟ್ಟು ಹಿಡಿದರು. "ಹೇಳ್ಲೇನು ಹೆಂಗಿತ್ತಂತ? ಎಲ್ಲಾ ಹೇಳ್ತೇನಿ, ಒಂದೂ ಬಿಡೂದಿಲ್ಲ. ನಿಮ್ಮಪ್ಪ ಏನರ ನೋಡಿದ್ರ..."

"ಬ್ಯಾಡ್ರಿ" ಎಂದೆ. "ಅಪ್ಪನ ಹೆಸರು ತಗೀಬ್ಯಾಡ್ರಿ."

ಕೈ ಬಿಡಿಸಿಕೊಂಡೆ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮೂವತ್ತು ವರ್ಷ ಅವರು ನಮ್ಮ ಮನೆಯಿಂದ ಹೊರಟಾಗಲೆಲ್ಲ ನಾನು ಗೇಟಿನ ತನಕ ಹೋಗಿ, ಅಲ್ಲಿ ಮತ್ತೆ ಅರ್ಧ ತಾಸು ಮಾತಾಡಿ ಕಳಿಸುವುದು ರೂಢಿ. ಅಂದು ಕೂತಲ್ಲಿಂದ ಏಳಲಿಲ್ಲ. ಅವರು ಬಾಗಿಲಲ್ಲಿ ಒಂದು ಗಳಿಗೆ ನಿಂತು ಕಾಯ್ದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಗೇಟನ್ನು ತಾವೇ ತೆಗೆದು, ತಾವೇ ಹಾಕಿಕೊಂಡು ಹೋದರು.